ಒಡವೆ, ಗಡಿಯಾರ ಮತ್ತು ಆವಿಯ ಶುಚಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಏಳುಕಲ್ಲಿನ ವಜ್ರದ ಓಲೆ ಮಂಕಾಗಿತ್ತು. ಆಭರಣದ ಅಂಗಡಿಯವರು ಅದನ್ನು ಮೊದಲು ನೀರು ತುಂಬಿದ ಒಂದು ಯಂತ್ರದಲ್ಲಿ ಮುಳುಗಿಸಿಟ್ಟು, ಆಮೇಲೆ ಚಿಮಟದಲ್ಲಿ ಹಿಡಿದು ಆವಿ ಚಿಮ್ಮುವ ಕೊಳವೆಯ ಮುಂದೆ ಒಡ್ಡಿದರು. ಸ್ವಲ್ಪ ಹೊತ್ತಿನಲ್ಲೇ ಓಲೆ ಹೊಸದರಂತೆ ಹೊಳೆಯಿತು. ಬರಿಯ ಆವಿಯಿಂದ ಇಷ್ಟು ಶುಚಿಯಾಗುವುದು ಹೇಗೆ? ಇದರಿಂದ ಚಿನ್ನ ಸವೆದು ತೂಕ ಕಡಿಮೆಯಾಗುವುದಿಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಓಲೆಯನ್ನು ಮಂಕಾಗಿಸಿದ್ದು ಬರಿಯ ಧೂಳಲ್ಲ. ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ಬಹಳ ದಿನ ತೊಟ್ಟ ಓಲೆಯ ಹಿಂಬದಿಯನ್ನು ನೋಡಿದರೆ, ಹರಳನ್ನು ಹಿಡಿದ ಮುಳ್ಳುಗಳ ನಡುವೆ ಬೂದುಬಣ್ಣದ, ಒತ್ತಿದರೆ ಮೆತ್ತಗಾಗುವ ಒಂದು ಮುದ್ದೆ ಕಾಣುತ್ತದೆ. ತಲೆಗೆ ಹಚ್ಚಿದ ಎಣ್ಣೆ, ಸಾಬೂನಿನ ಜಿಡ್ಡು, ಮುಖದ ಪೌಡರು, ಚರ್ಮದಿಂದ ಉದುರಿದ ಪುಡಿ ಇವೆಲ್ಲ ಸೇರಿ ಅಲ್ಲಿ ಗಟ್ಟಿಯಾಗಿರುತ್ತವೆ. ಅದರ ಮೇಲೆ ವಜ್ರಕ್ಕೆ ಜಿಡ್ಡನ್ನು ಹಿಡಿದುಕೊಳ್ಳುವ ಸ್ವಭಾವ ಬೇರೆ ಇದೆ; ನೀರು ಅದರ ಮೇಲೆ ನಿಲ್ಲುವುದಿಲ್ಲ, ಎಣ್ಣೆ ನಿಲ್ಲುತ್ತದೆ. ಹರಳಿನ ಹಿಂದೆ ಜಿಡ್ಡು ಕೂತಿತೆಂದರೆ ಒಳಹೊಕ್ಕ ಬೆಳಕು ಹೊರಳಿ ಮೇಲಕ್ಕೆ ಬರುವುದು ತಪ್ಪುತ್ತದೆ. ಹೀಗಾಗಿ ಮುಂಭಾಗವನ್ನು ಎಷ್ಟು ಉಜ್ಜಿದರೂ ಹೊಳಪು ಮರಳುವುದಿಲ್ಲ.

ನೀವು ಮೊದಲು ನೋಡಿದ್ದು ಅಲ್ಟ್ರಾಸಾನಿಕ್ ಯಂತ್ರ. ಅದು ಸೆಕೆಂಡಿಗೆ ಸಾಮಾನ್ಯವಾಗಿ 40,000 ಸಲದಷ್ಟು ವೇಗದಲ್ಲಿ ಸಾಬೂನು ನೀರನ್ನು ಕಂಪಿಸುತ್ತದೆ. ಆಗ ಹುಟ್ಟಿ ಒಡೆಯುವ ಅತಿ ಸಣ್ಣ ಗುಳ್ಳೆಗಳು ಕೊಳೆಯನ್ನು ಸಡಿಲಗೊಳಿಸುತ್ತವೆ. ಸಡಿಲಗೊಂಡದ್ದನ್ನು ಸಂದಿಯಿಂದ ಹೊರಗೆ ತಳ್ಳುವ ಕೆಲಸ ಆವಿಯದು. ಅಂಗಡಿಯ ಆವಿಯಂತ್ರದಲ್ಲಿ ಒತ್ತಡ ಸುಮಾರು 3ರಿಂದ 5 ಬಾರ್ ಇರುತ್ತದೆ. ಆ ಒತ್ತಡದಲ್ಲಿ ಒಳಗಿನ ಉಷ್ಣತೆ 140 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುತ್ತದೆ. ಆದರೆ ಆವಿಯ ನಿಜವಾದ ಬಲ ಈ ಉಷ್ಣತೆಗಿಂತ ಹೆಚ್ಚಾಗಿ ಅದು ಹೊತ್ತು ತರುವ ಶಾಖದ ಮೊತ್ತದಲ್ಲಿದೆ. ಒಂದು ಗ್ರಾಂ ಕುದಿನೀರು 100 ಡಿಗ್ರಿಯಿಂದ 40 ಡಿಗ್ರಿಗೆ ಇಳಿಯುವಾಗ 60 ಕ್ಯಾಲೊರಿ ಶಾಖ ಕೊಟ್ಟರೆ, ಒಂದು ಗ್ರಾಂ ಆವಿಯು ತಣ್ಣನೆಯ ಲೋಹಕ್ಕೆ ತಗುಲಿ ಬರೀ ನೀರಾಗುವಷ್ಟರಲ್ಲೇ ಸುಮಾರು 540 ಕ್ಯಾಲೊರಿಯನ್ನು ಅಲ್ಲಿ ಇಳಿಸಿಬಿಡುತ್ತದೆ. ಜಿಡ್ಡು ತಕ್ಷಣ ಕರಗುತ್ತದೆ, ಹಿಂದಿನಿಂದ ನುಗ್ಗುವ ಆವಿ ಅದನ್ನು ಹೊಡೆದೋಡಿಸುತ್ತದೆ, ಬಿಸಿಯಾದ ಒಡವೆ ತಾನಾಗಿಯೇ ಒಣಗುತ್ತದೆ. ಹೊಸ ಒಡವೆಗೆ ಮೆರುಗು ಕೊಟ್ಟ ಮೇಲೆ ಸಂದಿಗಳಲ್ಲಿ ಉಳಿಯುವ ಮೇಣವನ್ನು ತೆಗೆಯಲು ಆಭರಣ ತಯಾರಕರು ಆವಿಯನ್ನೇ ನೆಚ್ಚಿಕೊಂಡಿರುವುದು ಇದೇ ಕಾರಣಕ್ಕೆ.

ತೂಕದ ಬಗ್ಗೆ ನಿಮಗೆ ಆತಂಕ ಬೇಡ. ಚಿನ್ನ ಕರಗಲು 1064 ಡಿಗ್ರಿ ಬೇಕು. ಆವಿಗೆ ಅದನ್ನು ಕರಗಿಸುವ ಶಕ್ತಿಯೂ ಇಲ್ಲ, ಉಜ್ಜಿ ಸವೆಸುವ ಶಕ್ತಿಯೂ ಇಲ್ಲ. ಸವೆತ ಆಗುವುದು ತಿರುಗುವ ಬಟ್ಟೆಚಕ್ರದಲ್ಲಿ ಪಾಲಿಶ್ ಮಾಡಿಸಿದಾಗ. ಪ್ರತಿ ಪಾಲಿಶ್‌ಗೂ ಮೇಲಿನ ಒಂದು ತೆಳುಪದರ ಹೋಗುತ್ತದೆ. ವರ್ಷವರ್ಷ ಮಾಡಿಸುತ್ತಾ ಬಂದರೆ ಹಾಲ್‌ಮಾರ್ಕ್‌ನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ಕೂಡ ಮಾಸಬಹುದು. ಆದ್ದರಿಂದ ಒಡವೆ ಬರೀ ಮಂಕಾಗಿದ್ದರೆ ‘ಪಾಲಿಶ್ ಮಾಡಿಕೊಡಿ’ ಎನ್ನದೆ ‘ತೊಳೆದು ಆವಿ ಹಿಡಿದು ಕೊಡಿ’ ಎಂದು ಕೇಳುವುದು ಮೇಲು. ಕೊಡುವ ಮುನ್ನ ಮತ್ತು ಪಡೆದ ಮೇಲೆ ನಿಮ್ಮೆದುರೇ ತೂಗಿಸಿಕೊಳ್ಳಿ. ನಂಬಿಕಸ್ಥ ಅಂಗಡಿಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಇನ್ನೊಂದು ಮುಖ್ಯ ಸಂಗತಿ: ಕೆಲವೊಮ್ಮೆ ಸಡಿಲವಾದ ಹರಳನ್ನು ಅಲ್ಲಾಡದಂತೆ ಹಿಡಿದಿಟ್ಟಿರುವುದು ಆ ಕೊಳೆಯೇ. ಓಲೆಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮೆಲ್ಲಗೆ ತಟ್ಟಿದಾಗ ಸಣ್ಣ ಗಲಗಲ ಕೇಳಿಸಿದರೆ, ಮುಳ್ಳುಗಳನ್ನು ಬಿಗಿ ಮಾಡಿಸಿದ ಮೇಲೆಯೇ ಆವಿಗೆ ಒಡ್ಡಬೇಕು.

ಪ್ರಶ್ನೆ: ನಮ್ಮ ಅಜ್ಜಿಯ ಕಾಲದ ಕೆಂಪುಕಲ್ಲಿನ ಜುಮುಕಿ ಮತ್ತು ವಂಕಿ ನನ್ನ ಬಳಿ ಇವೆ. ಮನೆಯಲ್ಲಿ ಬಟ್ಟೆಯ ಸುಕ್ಕು ತೆಗೆಯುವ ಸ್ಟೀಮರ್ ಇದೆ. ಮೊಮ್ಮಗಳ ಮದುವೆಗೆ ಮೊದಲು ಅದರಲ್ಲೇ ಇವನ್ನು ಶುಚಿಮಾಡಬಹುದೇ? ಮಾಂಗಲ್ಯದ ಬಟ್ಟಲುಗಳ ಸಂದಿಯಲ್ಲಿ ಅರಿಶಿನವೂ ಕೂತಿದೆ.
– ಓದುಗರೊಬ್ಬರು, ಮೈಸೂರು

ಉತ್ತರ: ದಯವಿಟ್ಟು ಬೇಡ. ಇಂದಿನ ಅಂಕಣದಲ್ಲಿ ಬೇರೇನು ಮರೆತರೂ ಚಿಂತೆಯಿಲ್ಲ, ಇದೊಂದನ್ನು ನೆನಪಿಡಬೇಕೆಂದು ನಿಮ್ಮನ್ನೂ ಇತರ ಓದುಗರನ್ನೂ ಕೇಳಿಕೊಳ್ಳುತ್ತೇನೆ: ಆವಿಯಿಂದ ಕೆಡುವುದು ಚಿನ್ನವಲ್ಲ, ಚಿನ್ನವನ್ನೂ ಹರಳನ್ನೂ ಒಂದಕ್ಕೊಂದು ಹಿಡಿದಿಟ್ಟಿರುವ ವಸ್ತು. ಹಳೆಯ ಕೆಂಪಿನ ಒಡವೆಗಳಲ್ಲಿ ಆ ವಸ್ತು ಅರಗು.

ಇವುಗಳ ಕಟ್ಟಡವನ್ನು ಸ್ವಲ್ಪ ಗಮನಿಸಿ. ಚಿನ್ನದ ತೆಳುತಗಡಿನಿಂದ ಗೂಡು ಮಾಡಿ, ಅದರೊಳಗೆ ಕರಗಿದ ಅರಗನ್ನು ತುಂಬಿ, ಮೇಲೆ ಬೆಳಕನ್ನು ಹಿಂದಿರುಗಿಸುವ ಹೊಳೆಯುವ ರೇಕನ್ನಿಟ್ಟು, ಅದರ ಮೇಲೆ ಹರಳನ್ನು ಕೂರಿಸಿ, ಸುತ್ತಲೂ ಅಪ್ಪಟ ಚಿನ್ನದ ಕುಂದಣವನ್ನು ಒತ್ತಿ ಭದ್ರಪಡಿಸಿರುತ್ತಾರೆ. ಹರಳಿನ ಕೆಂಪು ಅಷ್ಟು ಆಳವಾಗಿ ಕಾಣುವುದರಲ್ಲಿ ಆ ರೇಕಿನ ಪಾಲು ದೊಡ್ಡದು. ಅರಗು ಮರದ ಕೊಂಬೆಯ ಮೇಲೆ ಬದುಕುವ ಸಣ್ಣ ಕೀಟ ಒಸರುವ ರಾಳ. 70–80 ಡಿಗ್ರಿಯ ಆಸುಪಾಸಿನಲ್ಲಿ ಅದು ಮೆತ್ತಗಾಗಿ ಹರಿಯತೊಡಗುತ್ತದೆ. ಬಟ್ಟೆಯ ಸ್ಟೀಮರ್‌ನಿಂದ ಹೊರಬರುವ ಆವಿ 100 ಡಿಗ್ರಿಗೆ ಹತ್ತಿರವಿರುತ್ತದೆ. ಹೀಗಿರುವಾಗ ಆವಿ ತಗುಲಿದರೆ ಹರಳು ಕುಸಿಯಬಹುದು, ಓರೆಯಾಗಬಹುದು, ಕರಗಿದ ಅರಗು ಅಂಚಿನಿಂದ ಉಕ್ಕಬಹುದು. ಇವು ಕಣ್ಣಿಗೆ ಕಾಣುವ ಹಾನಿಗಳು. ಕಾಣದೆ ಆಗುವ ಹಾನಿ ಇನ್ನೂ ಕೆಟ್ಟದ್ದು: ಅಂಚಿನ ಬಿರುಕಿನಲ್ಲಿ ನುಗ್ಗಿದ ಆವಿ ಹರಳಿನ ಹಿಂದೆ ನೀರಾಗಿ ನಿಂತು ರೇಕನ್ನು ಕಪ್ಪಾಗಿಸುತ್ತದೆ. ಕೆಲವು ತಿಂಗಳಲ್ಲಿ ಹರಳೇ ಸತ್ತುಹೋದಂತೆ ಕಾಣುತ್ತದೆ. ಆಗ ಹರಳು ಬಿಚ್ಚಿ, ಹಳೆಯ ಅರಗನ್ನು ತೆಗೆದು ಮತ್ತೆ ಕೂರಿಸದೆ ಬೇರೆ ದಾರಿಯಿಲ್ಲ. ಆ ಕೈಕೆಲಸ ಬಲ್ಲ ಅಕ್ಕಸಾಲಿಗರು ಈಗ ಎಲ್ಲ ಊರುಗಳಲ್ಲೂ ಸಿಗುವುದಿಲ್ಲ.

ಒಡವೆ ಇಂಥದ್ದೇ ಎಂದು ತಿಳಿಯಲು ಅದನ್ನು ಮಗುಚಿ ಬೆಳಕಿಗೆ ಹಿಡಿಯಿರಿ. ಹರಳಿನ ಹಿಂದೆ ರಂಧ್ರವಿದ್ದು ಬೆಳಕು ಹಾದುಬಂದರೆ ಅದು ತೆರೆದ ಕಟ್ಟು. ಹಿಂಬದಿ ಪೂರಾ ತಗಡಿನಿಂದ ಮುಚ್ಚಿದ್ದರೆ ಒಳಗೆ ಅರಗಿದೆಯೆಂದೇ ಭಾವಿಸಿ. ಹಳೆಯ ವಜ್ರದ ಓಲೆಗಳಲ್ಲೂ ಹಿಂಬದಿ ಮುಚ್ಚಿದ ಕಟ್ಟು ಇರುವುದುಂಟು. ಹರಳಿಲ್ಲದ ಒಡವೆಯಲ್ಲೂ ಅರಗು ಅಡಗಿರಬಹುದು: ಕೊಡಗಿನ ಜೋಮಾಲೆಯ ಗುಂಡುಗಳು ಚಿನ್ನದ ತೆಳುಹಾಳೆಯವು, ಒಳಗೆ ತುಂಬಿರುವುದು ಅರಗು. ನಮ್ಮ ಕಡೆಯ ಹಲವು ಮಾಂಗಲ್ಯದ ಬಟ್ಟಲುಗಳೂ ಹಾಗೆಯೇ. ಆದ್ದರಿಂದ ಬಟ್ಟಲಿಗೂ ಆವಿ ಬೇಡ. ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹತ್ತಿಯ ತುದಿಗೆ ಒಂದೇ ಹನಿ ಕೊಬ್ಬರಿ ಎಣ್ಣೆ ಮುಟ್ಟಿಸಿ ಸಂದಿಯಲ್ಲಿ ಆಡಿಸಿ, ಬಳಿಕ ಸೀಗೆಕಾಯಿಯ ಇಲ್ಲವೆ ಅಂಟುವಾಳದ ತಿಳಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಜುಮುಕಿ, ವಂಕಿಗಳನ್ನು ನೀರಿನಲ್ಲಿ ಮುಳುಗಿಸದೆ, ಮೊದಲು ಮೆತ್ತನೆಯ ಒಣಬ್ರಶ್ಶಿನಿಂದ ಧೂಳು ಕೊಡವಿ, ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ತೇವ ತೆಗೆಯಿರಿ. ಅವು ಹೊಸ ಒಡವೆಯಂತೆ ಫಳಫಳಿಸದಿರಬಹುದು. ಆದರೆ ಮದುವೆಮನೆಯಲ್ಲಿ ಮೊಮ್ಮಗಳು ತೊಡುವುದು ಹಳೆಯ ಒಡವೆಯನ್ನೇ. ಅದರ ತುಸು ಮಾಸಿದ ಬಣ್ಣವನ್ನು ದೋಷವೆಂದು ನಾನು ಎಣಿಸುವುದಿಲ್ಲ.

ಪ್ರಶ್ನೆ: ಕುಕ್ಕರಿನ ತೂತಿನಿಂದ ಬರುವ ಆವಿಗೆ ಉಂಗುರ, ಸರಗಳನ್ನು ಹಿಡಿದರೆ ಶುಚಿಯಾಗುತ್ತದೆಂದು ನೆರೆಯವರು ಹೇಳಿದರು. ನಿಜವೇ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಮಾಡಬೇಡಿ. ಕುಕ್ಕರಿನ ಭಾರವನ್ನು ಎತ್ತಿ ಆವಿಯನ್ನು ಬೇಕಾದತ್ತ ತಿರುಗಿಸುವ ಅನುಕೂಲ ಅದರಲ್ಲಿಲ್ಲ. ಒಳಗಿನ ಆವಿ ಸುಮಾರು 120 ಡಿಗ್ರಿಯದು. ಅದಕ್ಕೆ ಅಡ್ಡ ಬಂದ ಬೆರಳಿನ ಮೇಲೆ ಅದು ನೀರಾಗುವಾಗ, ಮೇಲೆ ಹೇಳಿದ ಅಷ್ಟೂ ಶಾಖವನ್ನು ಚರ್ಮಕ್ಕೇ ಕೊಡುತ್ತದೆ. ಅಕಸ್ಮಾತ್ ಸುಟ್ಟರೆ ಉಂಗುರ, ಬಳೆಗಳನ್ನು ಕೂಡಲೇ ತೆಗೆದು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು; ಬೆಣ್ಣೆ, ಟೂತ್‌ಪೇಸ್ಟ್ ಹಚ್ಚಬಾರದು.

ಇದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಒಡವೆ ಪಾಲಿಶ್ ಮಾಡಿಕೊಡುತ್ತೇವೆಂದು ಮನೆಬಾಗಿಲಿಗೆ ಬಂದು, ಮೊದಲು ಹಿತ್ತಾಳೆಯ ದೀಪವನ್ನೋ ಬೆಳ್ಳಿಯ ಕಾಲ್ಗೆಜ್ಜೆಯನ್ನೋ ಬೆಳಗಿ ತೋರಿಸಿ ನಂಬಿಸಿ, ಆಮೇಲೆ ಚಿನ್ನದ ಸರವನ್ನು ಪಡೆದು ಅರಿಶಿನದ ನೀರಿನೊಂದಿಗೆ ಪಾತ್ರೆಗೋ ಕುಕ್ಕರಿಗೋ ಹಾಕಿದಂತೆ ಮಾಡಿ, ‘ಸ್ವಲ್ಪ ಹೊತ್ತು ಕುದಿಯಲಿ, ಆಮೇಲೆ ತೆರೆಯಿರಿ’ ಎಂದು ಹೇಳಿ ಪರಾರಿಯಾಗುವವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಇನ್ನು ಕೆಲವರು ಸರವನ್ನು ಕಣ್ಣೆದುರೇ ಹಿಂದಿರುಗಿಸುತ್ತಾರೆ, ಆದರೆ ಅದನ್ನು ಅದ್ದಿದ್ದು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ. ಚಿನ್ನವನ್ನು ಕರಗಿಸಬಲ್ಲ ಆ ದ್ರವದಲ್ಲಿ ಕೆಲವು ಗ್ರಾಂ ಉಳಿದುಹೋಗಿರುತ್ತದೆ. ಅಂಗಡಿಯಲ್ಲಿ ತೂಗಿಸುವವರೆಗೆ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಹಗಲು ಒಬ್ಬರೇ ಇರುವ ಹಿರಿಯರಿಗೆ ಈ ವಿಷಯವನ್ನು ಬಿಡಿಸಿ ಹೇಳಿರಿ.

ಪ್ರಶ್ನೆ: ತಂದೆಯವರು ಉಪಯೋಗಿಸುತ್ತಿದ್ದ ಎಚ್‌ಎಂಟಿ ಜನತಾ ಕೈಗಡಿಯಾರ ಕೀಲಿ ಕೊಟ್ಟರೆ ಇಂದಿಗೂ ನಡೆಯುತ್ತದೆ. ಆದರೆ ಹಿಂಬದಿಯ ಮುಚ್ಚಳದ ಸುತ್ತ ಮತ್ತು ಕೀಲಿಯ ಬುಡದಲ್ಲಿ ಕೊಳೆ ಕಟ್ಟಿದೆ, ಗಾಜು ಮಸುಕಾಗಿದೆ. ಆವಿಯಲ್ಲಿ ಶುಚಿಮಾಡಿದರೆ ಒಳಗಿನ ಯಂತ್ರವೂ ಶುದ್ಧವಾಗುವುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಊರಿನಲ್ಲೇ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಇತ್ತು, ಹಾಗಾಗಿ ಈ ಗಡಿಯಾರದ ಬೆಲೆ ನಿಮಗೆ ನಾನು ಹೇಳಬೇಕಾಗಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆದ್ದರಿಂದ ಈಗ ಒಂದು ಭಾಗ ಕೆಟ್ಟರೆ ಅದಕ್ಕೆ ಅಸಲಿ ಬದಲಿ ಹುಡುಕುವುದು ಕಷ್ಟ. ಆವಿಗೂ ಇಂಥ ಗಡಿಯಾರಕ್ಕೂ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು.

ಮೊದಲನೆಯದಾಗಿ, ಅದರ ಗಾಜು ನಿಜವಾದ ಗಾಜಲ್ಲ. ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. 100 ಡಿಗ್ರಿಯ ಸುತ್ತಮುತ್ತ ಅದು ಮೆತ್ತಗಾಗುತ್ತದೆ. ಚೌಕಟ್ಟಿನಲ್ಲಿ ಬಿಗಿಯಾಗಿ ಕೂತಿರುವ ಗಾಜು ಒಮ್ಮೆ ಮೆತ್ತಗಾಗಿ ಸಡಿಲಗೊಂಡರೆ ಆಮೇಲೆ ಧೂಳಿಗೂ ಬೆವರಿಗೂ ದಾರಿ ತೆರೆದಂತೆಯೇ. ಎರಡನೆಯದಾಗಿ, ಕೀಲಿಯ ಬುಡದ ಸಣ್ಣ ಸಂದಿಯಿಂದ ಆವಿ ಒಳಹೋದರೆ ಅದು ತಣ್ಣಗಿನ ಮುಖಫಲಕದ ಮೇಲೆ, ಮುಳ್ಳುಗಳ ಮೇಲೆ, ಉಕ್ಕಿನ ಸ್ಪ್ರಿಂಗಿನ ಮೇಲೆ ನೀರಾಗಿ ಕೂರುತ್ತದೆ. ಹೊರಬರಲು ಅದಕ್ಕೆ ಬಂದಷ್ಟು ಸುಲಭದ ದಾರಿಯಿರುವುದಿಲ್ಲ. ಸೂಜಿಮೊನೆಯಲ್ಲಿ ನಿಲ್ಲುವಷ್ಟೇ ಎಣ್ಣೆಯ ಮೇಲೆ ಓಡುವ ಯಂತ್ರ ಅದು. ಆ ಎಣ್ಣೆ ಸರಿದು ಅಲ್ಲಿ ತೇವ ಕೂತರೆ ತುಕ್ಕು ಬರಲು ಬಹಳ ದಿನ ಬೇಕಾಗಿಲ್ಲ.

ಮೂರನೆಯ ಕಾರಣವನ್ನು ಗಡಿಯಾರ ರಿಪೇರಿಯವರಲ್ಲದೆ ಬೇರೆಯವರು ಅಷ್ಟಾಗಿ ಬಲ್ಲವರಲ್ಲ. ಜನತಾದಲ್ಲಿ 17 ‘ಜ್ಯೂವೆಲ್’ಗಳಿವೆ, ಅಂದರೆ ಚಕ್ರಗಳ ತುದಿ ತಿರುಗಲೆಂದು ಕೂರಿಸಿದ ಕೃತಕ ಮಾಣಿಕ್ಯದ ಸಣ್ಣ ಹರಳುಗಳು. ಅವುಗಳ ಪೈಕಿ ಎರಡು, ಕವೆಯ ಆಕಾರದ ಒಂದು ಪುಟ್ಟ ಲೋಹದ ತುಂಡಿನ ಎರಡು ತೋಳುಗಳಲ್ಲಿ ಕೂತು, ಹಲ್ಲುಚಕ್ರವನ್ನು ಒಂದೊಂದೇ ಹಲ್ಲು ಬಿಡುತ್ತಾ ತಡೆಯುತ್ತಾ ಇರುತ್ತವೆ. ನೀವು ಕಿವಿಯಲ್ಲಿ ಕೇಳುವ ಟಿಕ್ ಟಿಕ್ ಹುಟ್ಟುವುದು ಅಲ್ಲೇ. ಆ ಎರಡು ಹರಳುಗಳು ತೋಳಿನಲ್ಲಿ ಅಲ್ಲಾಡದಂತೆ ನಿಂತಿರುವುದು ಶೆಲ್ಯಾಕ್‌ನಿಂದ. ಶೆಲ್ಯಾಕ್ ಎಂದರೆ ಶುದ್ಧೀಕರಿಸಿದ ಅರಗು. ಮೈಸೂರಿನ ಓದುಗರ ಜುಮುಕಿಯಲ್ಲಿ ಕೆಂಪುಕಲ್ಲನ್ನು ಹಿಡಿದಿರುವ ಅದೇ ಕೀಟದ ಅದೇ ರಾಳ ನಿಮ್ಮ ತಂದೆಯವರ ಗಡಿಯಾರದಲ್ಲಿ ಸಾಸಿವೆಗಿಂತ ಸಣ್ಣ ಮಾಣಿಕ್ಯವನ್ನು ಹಿಡಿದಿದೆ. ಬಿಸಿಗೆ ಅದು ಮೆತ್ತಗಾಗಿ ಹರಳು ಕೂದಲೆಳೆಯಷ್ಟು ಸರಿದರೂ ಗಡಿಯಾರದ ಲೆಕ್ಕ ತಪ್ಪುತ್ತದೆ.

ಒಳಗಿನ ಯಂತ್ರವನ್ನು ಶುಚಿಮಾಡುವ ಕ್ರಮವೇ ಬೇರೆ. ಅದನ್ನು ಪೂರ್ತಿ ಬಿಚ್ಚಿ, ಭಾಗಗಳನ್ನು ಸಣ್ಣ ಜಾಲರಿ ಬುಟ್ಟಿಯಲ್ಲಿಟ್ಟು ಗಡಿಯಾರಕ್ಕೆಂದೇ ಇರುವ ದ್ರವದಲ್ಲಿ ತೊಳೆದು, ಬೆಚ್ಚನೆಯ ಗಾಳಿಯಲ್ಲಿ ಒಣಗಿಸಿ, ಮತ್ತೆ ಜೋಡಿಸಿ, ಆಯಾ ಜಾಗಕ್ಕೆ ತಕ್ಕ ಎಣ್ಣೆ ಮುಟ್ಟಿಸುತ್ತಾರೆ. ಅಂಗಡಿಯವರು ಇದಕ್ಕೆ ‘ಸರ್ವಿಸ್’ ಎನ್ನುತ್ತಾರೆ. ನಾಲ್ಕೈದು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು. ಮನೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟು: ಬಿದಿರಿನ ಹಲ್ಲುಕಡ್ಡಿಯ ತುದಿಯನ್ನು ಚಪ್ಪಟೆ ಮಾಡಿಕೊಂಡು ಮುಚ್ಚಳದ ಅಂಚಿನ ಕೊಳೆಯನ್ನು ಒಣಗಿದ್ದಂತೆಯೇ ಕೆರೆದು ತೆಗೆಯಿರಿ, ಉಳಿದದ್ದನ್ನು ಹಿಂಡಿದ ಒದ್ದೆಬಟ್ಟೆಯಿಂದ ಒರೆಸಿ. ಅಕ್ರಿಲಿಕ್ ಗಾಜಿನ ಮೇಲಿನ ಸಣ್ಣ ಗೀರುಗಳು ಪ್ಲಾಸ್ಟಿಕ್ಕಿಗೆಂದೇ ಸಿಗುವ ಪಾಲಿಶ್‌ನಿಂದ ಹೋಗುತ್ತವೆ, ಅದನ್ನು ರಿಪೇರಿಯವರೇ ಮಾಡಿಕೊಡುತ್ತಾರೆ.

ಪ್ರಶ್ನೆ: ನನ್ನ ಕ್ವಾರ್ಟ್ಜ್ ಗಡಿಯಾರದ ಹಿಂದೆ ‘50 ಮೀಟರ್ ವಾಟರ್ ರೆಸಿಸ್ಟೆಂಟ್’ ಎಂದು ಬರೆದಿದೆ. ನೀರು ಹೋಗದ ಕಡೆ ಆವಿ ಹೇಗೆ ಹೋಗುತ್ತದೆ? ಸ್ಟೀಲ್ ಚೈನಿನಲ್ಲಿ ವಿಪರೀತ ಕೊಳೆಯಿದೆ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ತರ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಆದರೆ ಆ 50 ಮೀಟರ್ ಎಂಬುದು ತಣ್ಣೀರಿನ ಒತ್ತಡದ ಲೆಕ್ಕ. ಸುಮಾರು 5 ಬಾರ್ ನಿಶ್ಚಲ ಒತ್ತಡವನ್ನು ಗಡಿಯಾರ ಹೊಸದಾಗಿದ್ದಾಗ ತಾಳಿಕೊಂಡಿದೆ ಎಂಬುದಷ್ಟೇ ಅದರ ಅರ್ಥ. ಆ ತಡೆ ಇರುವುದು ಹಿಂಬದಿಯ ಮುಚ್ಚಳದಡಿಯ ಮತ್ತು ಕೀಲಿಯ ಸುತ್ತಲಿನ ರಬ್ಬರ್ ಉಂಗುರಗಳಲ್ಲಿ. ನೀರಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುವುದರಿಂದ ನೀರು ಅತಿ ಸಣ್ಣ ಸಂದಿಯಲ್ಲಿ ತಡೆಯುತ್ತದೆ. ಆವಿಯಲ್ಲಿ ಕಣಗಳು ಬಿಡಿಬಿಡಿಯಾಗಿ ಓಡಾಡುವುದರಿಂದ ಅದೇ ಸಂದಿಯಲ್ಲಿ ಅವು ನುಸುಳುತ್ತವೆ. ಜೊತೆಗೆ ಬಿಸಿಗೆ ಲೋಹ, ಗಾಜು, ರಬ್ಬರ್ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಕೂಡಿಕೊಂಡಿದ್ದ ಅಂಚುಗಳು ಆ ಕ್ಷಣಕ್ಕೆ ಸಡಿಲಗೊಳ್ಳುತ್ತವೆ. ಮತ್ತೆ ಮತ್ತೆ ಬಿಸಿ ತಗುಲಿದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ತಯಾರಕರ ಪರೀಕ್ಷೆಯಲ್ಲೂ ಗಡಿಯಾರವನ್ನು 40–45 ಡಿಗ್ರಿಯಷ್ಟೇ ಬಿಸಿಮಾಡಿ, ಗಾಜಿನ ಮೇಲೆ ತಣ್ಣೀರಿನ ಹನಿಯಿಟ್ಟು ಒಳಗೆ ಮಂಜು ಕಟ್ಟುತ್ತದೆಯೇ ಎಂದು ನೋಡುತ್ತಾರೆಯೇ ಹೊರತು ಆವಿಗೆ ಹಿಡಿಯುವುದಿಲ್ಲ. ಕ್ವಾರ್ಟ್ಜ್ ಗಡಿಯಾರದೊಳಗಿನ ಗುಂಡಿ ಬ್ಯಾಟರಿಗೆ 60 ಡಿಗ್ರಿಗಿಂತ ಹೆಚ್ಚಿನ ಬಿಸಿ ಆಗುವುದಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಇದೇ ಕಾರಣಕ್ಕೆ ಗಡಿಯಾರ ಕಟ್ಟಿಕೊಂಡು ಬಿಸಿನೀರಿನ ಸ್ನಾನವೂ ಬೇಡ.

ಚೈನಿನ ಮಾತು ಬೇರೆ. ಸ್ಟೀಲ್ ಚೈನ್‌ಗೆ ಆವಿ ನಿಜಕ್ಕೂ ಹೇಳಿಮಾಡಿಸಿದ ಉಪಾಯ, ಆದರೆ ಅದನ್ನು ಗಡಿಯಾರದಿಂದ ಬಿಡಿಸಿದ ಮೇಲೆ. ಚೈನನ್ನು ಹಿಡಿದಿರುವ ಸ್ಪ್ರಿಂಗ್ ಕಡ್ಡಿಗಳನ್ನು ರಿಪೇರಿ ಅಂಗಡಿಯಲ್ಲಿ ಒಂದು ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಬಿಡಿಸಿದ ಚೈನನ್ನು ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಮೆತ್ತನೆಯ ಹಲ್ಲುಬ್ರಶ್ಶಿನಿಂದ ಕೊಂಡಿಗಳ ನಡುವೆ ಉಜ್ಜಿ, ತೊಳೆದು, ಕೊನೆಗೆ ಆವಿ ಹಿಡಿಯಿರಿ. ಕೊಂಡಿ ಕೊಂಡಿಯ ನಡುವಿನಿಂದ ಕಪ್ಪು ನೀರು ಇಳಿಯುವುದು ನಿಂತ ಮೇಲೆ ನಿಲ್ಲಿಸಬಹುದು. ಚಿನ್ನದ ಬಣ್ಣದ ಲೇಪನವಿರುವ ಚೈನ್‌ಗೆ ಆವಿಯನ್ನು ಬಿಟ್ಟು ಮೊದಲಿನ ಹಂತಗಳನ್ನಷ್ಟೇ ಮಾಡಿ. ಚರ್ಮದ ಪಟ್ಟಿಗಂತೂ ಯಾವ ರೀತಿಯ ಆವಿಯೂ ಕೂಡದು. ಒದ್ದೆ ಬಿಸಿಗೆ ಚರ್ಮ ಮುದುಡಿ ಬಿರುಸಾಗುತ್ತದೆ, ಅದು ಮತ್ತೆ ಸರಿಹೋಗುವುದಿಲ್ಲ.

ಪ್ರಶ್ನೆ: ಮುತ್ತಿನ ಸರ, ಹವಳದ ಉಂಗುರ, ಪಚ್ಚೆಯ ಪದಕ – ಇವುಗಳಲ್ಲಿ ಯಾವುದಕ್ಕೆ ಆವಿ ಹಿಡಿಯಬಹುದು?
– ಓದುಗರೊಬ್ಬರು, ಮಂಗಳೂರು

ಉತ್ತರ: ಮೂರಕ್ಕೂ ಬೇಡ, ಕಾರಣ ಮಾತ್ರ ಬೇರೆ ಬೇರೆ. ಮುತ್ತು ಮತ್ತು ಹವಳ ಜೀವಿಗಳು ಕಟ್ಟಿದ ಸುಣ್ಣದ ಅಂಶದ ವಸ್ತುಗಳು. ಮುತ್ತಿನ ಪದರಗಳ ನಡುವೆ ಪ್ರೋಟೀನು ಮತ್ತು ಅಲ್ಪಸ್ವಲ್ಪ ನೀರಿನ ಅಂಶ ಇರುತ್ತದೆ. ತೀವ್ರ ಬಿಸಿಗೆ ಅದು ಒಣಗಿ ಮುತ್ತಿನ ಕಾಂತಿ ಹೋಗಿ ಮೇಲ್ಮೈ ಬಿರುಕು ಬಿಡುತ್ತದೆ. ಸರವನ್ನು ಪೋಣಿಸಿದ ರೇಷ್ಮೆ ದಾರವೂ ಹಿಗ್ಗುತ್ತದೆ. ಪಚ್ಚೆ ಗಟ್ಟಿಯಾದ ಹರಳೇ ಆದರೂ ಹುಟ್ಟಿನಿಂದಲೇ ಅದರಲ್ಲಿ ಸಣ್ಣ ಬಿರುಕುಗಳಿರುತ್ತವೆ, ಅವು ಕಾಣದಿರಲೆಂದು ವ್ಯಾಪಾರದಲ್ಲಿ ಎಣ್ಣೆ ಇಲ್ಲವೆ ರಾಳ ತುಂಬಿಸುವುದು ಬಹುಕಾಲದ ರೂಢಿ. ಆವಿ ಆ ಎಣ್ಣೆಯನ್ನು ಹೊರಗೆಳೆದಾಗ, ಅಲ್ಲಿಯವರೆಗೆ ಕಾಣದಿದ್ದ ಬಿರುಕು ಬಿಳಿಗೆರೆಯಾಗಿ ಎದ್ದು ಕಾಣುತ್ತದೆ. ಮಾರಿದವರು ಮೋಸ ಮಾಡಿದರೆಂದು ಗಿರಾಕಿ ಸಿಟ್ಟಾಗುವುದೂ ಆಗಲೇ.

ಓಪಲ್, ಬಿರುಕಿರುವ ಇತರ ಹರಳುಗಳು, ಟರ್ಕಾಯ್ಸ್ ಮತ್ತು ಟಾಂಜನೈಟ್‌ಗಳನ್ನೂ ಆವಿಯಿಂದ ದೂರವಿಡಿ. ಮಾಣಿಕ್ಯ, ನೀಲಗಳು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಆದರೆ ಕಡಿಮೆ ಬೆಲೆಯ ಮಾಣಿಕ್ಯಗಳಲ್ಲಿ ಬಿರುಕಿಗೆ ಗಾಜು ತುಂಬಿಸುವುದು ಈಗ ಬಹಳ ಹೆಚ್ಚಾಗಿದೆ, ಅಂಥವಕ್ಕೆ ಒದ್ದೆಬಟ್ಟೆಯೇ ಸರಿ. ‘ಒಂದು ಗ್ರಾಂ ಚಿನ್ನ’ದ ಒಡವೆಗಳಲ್ಲಿ ಹರಳು ನಿಂತಿರುವುದು ಬಹುಪಾಲು ಗೋಂದಿನ ಮೇಲೆ, ಅವುಗಳಿಗೂ ಇದೇ ಮಾತು.

ಪ್ರಶ್ನೆ: ಕಪ್ಪಾದ ಬೆಳ್ಳಿ ಕಾಲ್ಗೆಜ್ಜೆಗೆ ಎಷ್ಟು ಆವಿ ಹಿಡಿದರೂ ಬಿಳಿಯಾಗಲಿಲ್ಲ. ಯಂತ್ರದ ದೋಷವೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಯಂತ್ರದ ದೋಷವಲ್ಲ. ಆ ಕಪ್ಪು ಮೇಲೆ ಕೂತ ಕೊಳೆಯಲ್ಲ. ಗಾಳಿಯಲ್ಲಿನ ಗಂಧಕದ ಅಂಶದೊಡನೆ ಬೆಳ್ಳಿಯೇ ಸೇರಿ ಆದ ಸಿಲ್ವರ್ ಸಲ್ಫೈಡ್. ಅಗಲವಾದ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಗೆಜ್ಜೆ ಅದಕ್ಕೆ ತಾಗುವಂತೆ ಇಟ್ಟು, ಒಂದೆರಡು ಚಮಚ ಅಡುಗೆ ಸೋಡಾ ಹಾಕಿ ಬಿಸಿನೀರು ಸುರಿದರೆ ಗಂಧಕ ಅಲ್ಯೂಮಿನಿಯಂಗೆ ಹೋಗಿ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಅದಾದ ಮೇಲೆ ಗೆಜ್ಜೆಯ ಸಂದಿಯ ಮಣ್ಣು ತೆಗೆಯಲು ಆವಿ ಒಳ್ಳೆಯದು. ಬೇಕೆಂದೇ ಕಪ್ಪು ಮಾಡಿದ ‘ಆಕ್ಸಿಡೈಸ್ಡ್’ ಬೆಳ್ಳಿಗೂ ಎನಾಮೆಲ್ ಮಾಡಿದ ಇಲ್ಲವೆ ಹರಳಿರುವ ಬೆಳ್ಳಿಗೂ ಈ ಸೋಡಾ ನೀರು ಬೇಡ.

ಪ್ರಶ್ನೆ: ಮಗುವಿಗೆ ಕಿವಿ ಚುಚ್ಚಿಸಬೇಕು. ಹೊಸ ಚಿನ್ನದ ರಿಂಗಿಗೆ ಆವಿ ಹಿಡಿದರೆ ರೋಗಾಣುಗಳು ಸಾಯುತ್ತವೆಯೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಕೆಲವು ಸೆಕೆಂಡು ಆವಿ ಹಿಡಿಯುವುದನ್ನು ಕ್ರಿಮಿಶುದ್ಧಿ ಎನ್ನಲಾಗದು. ಆಸ್ಪತ್ರೆಗಳ ಆಟೊಕ್ಲೇವ್‌ನಲ್ಲಿ ಮುಚ್ಚಿದ ಪಾತ್ರೆಯೊಳಗೆ 121 ಡಿಗ್ರಿಯ ಆವಿಯಲ್ಲಿ ಉಪಕರಣಗಳನ್ನು ಕನಿಷ್ಠ 15 ನಿಮಿಷ ಇಡುತ್ತಾರೆ, ಅದೂ ಮೊದಲು ಚೆನ್ನಾಗಿ ತೊಳೆದ ಮೇಲೆ. ಅಂಗಡಿಯ ಆವಿ ರಿಂಗಿನ ಮೇಲಿನ ಪಾಲಿಶ್ ಮೇಣ ತೆಗೆಯಲು ಉಪಯುಕ್ತ, ಅದು ಆಗಲೇಬೇಕಾದ ಕೆಲಸವೂ ಹೌದು. ಕ್ರಿಮಿಶುದ್ಧಿಯನ್ನು ಚುಚ್ಚುವ ವೈದ್ಯರಿಗೇ ಬಿಡಿ. ಮಗುವಿನ ಕಿವಿಯಲ್ಲಿ ರಿಂಗು ಇರುವಾಗ ಯಾವ ಕಾರಣಕ್ಕೂ ಆವಿಯನ್ನು ಹತ್ತಿರ ತರಬೇಡಿ.

ಪ್ರಶ್ನೆ: ನಾನು ಚಿಕ್ಕ ಅಂಗಡಿ ಇಟ್ಟುಕೊಂಡಿರುವ ಅಕ್ಕಸಾಲಿಗ. ಆವಿಯಂತ್ರ ಕೊಳ್ಳಬೇಕೆಂದಿದ್ದೇನೆ. ನೀರು, ಬಳಕೆ, ಸುರಕ್ಷತೆಯ ಬಗ್ಗೆ ತಿಳಿಸಿ.
– ಓದುಗರೊಬ್ಬರು, ಶಿರಸಿ

ಉತ್ತರ: ಒತ್ತಡ ತೋರಿಸುವ ಮುಳ್ಳು, ಒತ್ತಡ ಮಿತಿಮೀರಿದರೆ ತಾನಾಗಿ ತೆರೆಯುವ ಸುರಕ್ಷಾ ಕವಾಟ, ನೀರು ಬತ್ತಿದರೆ ಕಾಯುವುದನ್ನು ನಿಲ್ಲಿಸುವ ವ್ಯವಸ್ಥೆ – ಈ ಮೂರು ಇಲ್ಲದ ಯಂತ್ರವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಕಾಲಿನಿಂದ ಒತ್ತುವ ಸ್ವಿಚ್ ಇದ್ದರೆ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ.

ನೀರಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ನೀರು ಆವಿಯಾದಾಗ ಅವು ಬಾಯ್ಲರ್‌ನ ಒಳಗೋಡೆಗೆ ಬಿಳಿ ಚಕ್ಕೆಯಾಗಿ ಅಂಟುತ್ತವೆ, ಕೊಳವೆಯ ಸಣ್ಣ ತೂತನ್ನು ಕಟ್ಟುತ್ತವೆ, ಒಡವೆಯ ಮೇಲೂ ಚುಕ್ಕೆ ಬಿಡುತ್ತವೆ. ಹಾಗೆಂದು ಎಲ್ಲದಕ್ಕೂ ಬಟ್ಟಿ ಇಳಿಸಿದ ನೀರೇ ಮದ್ದೂ ಅಲ್ಲ. ಕೆಲವು ಯಂತ್ರಗಳಲ್ಲಿ ನೀರಿನ ಮಟ್ಟವನ್ನು ಅರಿಯುವ ಕಡ್ಡಿಯು ನೀರಿನಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ನೆಚ್ಚಿಕೊಂಡಿರುತ್ತದೆ. ಲವಣವೇ ಇಲ್ಲದ ನೀರಿನಲ್ಲಿ ವಿದ್ಯುತ್ ಹರಿಯದೆ, ತೊಟ್ಟಿ ತುಂಬಿದ್ದರೂ ಯಂತ್ರ ಖಾಲಿಯೆಂದೇ ತಿಳಿಯುತ್ತದೆ. ಆದ್ದರಿಂದ ಯಾವ ನೀರು ಎಂಬುದನ್ನು ಯಂತ್ರದ ಜೊತೆ ಬರುವ ಕೈಪಿಡಿ ನೋಡಿಯೇ ನಿರ್ಧರಿಸಿ.

ಬಳಸುವಾಗ ಒಡವೆಯನ್ನು ಬೆರಳಲ್ಲಿ ಹಿಡಿಯದೆ ಚಿಮಟದಲ್ಲಿ ಹಿಡಿದು, ಕೊಳವೆಯ ಬಾಯಿಂದ ಎರಡು ಮೂರು ಇಂಚು ದೂರದಲ್ಲಿ, ಒಂದೊಂದು ಸೆಕೆಂಡಿನ ಸಣ್ಣ ಹೊಡೆತಗಳಲ್ಲಿ, ಹಿಂಬದಿಯಿಂದ ಮೊದಲು ಆವಿ ಹಿಡಿಯಿರಿ. ಕೆಳಗೆ ಸಣ್ಣ ಕಣ್ಣಿನ ಜಾಲರಿ ಇರಲಿ. ಹಾರಿದ ಹರಳು ಚರಂಡಿಗೆ ಹೋಗದೆ ಅಲ್ಲೇ ಸಿಗುತ್ತದೆ. ಕಾದ ಒಡವೆಯನ್ನು ತಣ್ಣೀರಿಗೆ ಅದ್ದಬೇಡಿ, ಹರಳು ಬಿರಿಯಬಹುದು. ಗಿರಾಕಿ ತಂದ ಹಳೆಯ ಒಡವೆಯನ್ನು ಆವಿಗೆ ಒಡ್ಡುವ ಮುನ್ನ ಮಗುಚಿ ನೋಡಿ, ಅರಗಿನ ಅನುಮಾನವಿದ್ದರೆ ಅವರಿಗೆ ಅಲ್ಲೇ ತಿಳಿಸಿ ಬದಿಗಿಡಿ.

ದಿನದ ಕೆಲಸ ಮುಗಿದ ಮೇಲೆ ವಿದ್ಯುತ್ ಆರಿಸಿ, ಉಳಿದ ಆವಿಯನ್ನೆಲ್ಲ ಕೊಳವೆಯಿಂದ ಬಿಟ್ಟು, ಒತ್ತಡದ ಮುಳ್ಳು ಸೊನ್ನೆಗೆ ಬಂದದ್ದನ್ನು ಕಣ್ಣಾರೆ ನೋಡಿದ ಬಳಿಕವೇ ಮುಚ್ಚಳವನ್ನು ಸಡಿಲಿಸಬೇಕು. ಬಾಯ್ಲರ್‌ನ ತಳದಲ್ಲಿ ನಿಂತ ಗಸಿಯನ್ನು ಕೈಪಿಡಿ ಹೇಳಿದ ದಿನಗಳಿಗೆ ತಪ್ಪದೆ ಹೊರಬಿಡಿ, ಸುರಕ್ಷಾ ಕವಾಟವನ್ನು ವರ್ಷಕ್ಕೊಮ್ಮೆಯಾದರೂ ಮಾರಾಟಗಾರರ ಕಡೆಯವರಿಂದ ಪರೀಕ್ಷೆ ಮಾಡಿಸಿ. ಅದು ಸೋರುತ್ತಿದೆಯೆಂದು ತಂತಿ ಕಟ್ಟಿ ಬಿಗಿಯುವ ಕೆಲಸವನ್ನು ನೀವೂ ಮಾಡಬೇಡಿ, ಅಂಗಡಿಯ ಹುಡುಗರಿಗೂ ಮಾಡಗೊಡಬೇಡಿ.